ಗಂಟೆಯ ನಂತರದ ಮಾತು

ಪುರಸಭೆಯ ಅಟೆಂಡರನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ‘ಮೂರು ನಿಮಿಷ’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಅವನಿಗೆ ಅದು ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಸ್ವಲ್ಪ ಬೀಗುತ್ತಲೂ ಇದ್ದ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮೂರಕ್ಕೆ ಪುರಸಭೆಯ ಕೆಳಗಿನ ಹಾಲ್‌ನಲ್ಲಿ ನಾಗರಿಕರ ಅಹವಾಲು ಸಭೆ. ಯಾರು ಬೇಕಾದರೂ ಬರಬಹುದು. ಬಾಗಿಲಲ್ಲಿ ಟೋಕನ್ ತೆಗೆದುಕೊಂಡು ಕೂತರೆ, ನಂಬರು ಕೂಗಿದಾಗ ಎದ್ದು ಹೋಗಿ ತಮ್ಮ ಬೀದಿಯ ಕಷ್ಟ ಹೇಳಿಕೊಳ್ಳಬಹುದು. ತಲೆಗೆ ಮೂರು ನಿಮಿಷ. ಟೋಕನ್ ಕೊಡುವುದು, ಮೈಕನ್ನು ಬಂದವರ ಎತ್ತರಕ್ಕೆ ಸರಿಮಾಡುವುದು, ಮೂರು ನಿಮಿಷ ಆದಕೂಡಲೇ ಮೇಜಿನ ಮೇಲಿನ ಗಂಟೆ ಒತ್ತುವುದು, ಆಮೇಲೂ ಮಾತು ನಿಲ್ಲಿಸದವರ ಮೈಕಿನ ಸ್ವಿಚ್ಚು ಆರಿಸುವುದು, ಇಷ್ಟೂ ಅವನ ಕೆಲಸ. ಇಪ್ಪತ್ತನಾಲ್ಕು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದ. ಮೊದಮೊದಲು ಗಡಿಯಾರ ನೋಡುತ್ತಿದ್ದ. ಈಗ ಅದೂ ಬೇಕಿರಲಿಲ್ಲ. ಕಿಟಕಿಯಾಚೆ ನೋಡುತ್ತ ನಿಂತಿದ್ದರೂ ಸರಿಯಾದ ಹೊತ್ತಿಗೆ ಅವನ ಕೈ ತಾನಾಗಿಯೇ ಗಂಟೆಯ ಮೇಲೆ ಬೀಳುತ್ತಿತ್ತು. ಅನುಮಾನವಿದ್ದ ಒಬ್ಬ ಸದಸ್ಯರು ಒಮ್ಮೆ ಕೈಗಡಿಯಾರ ಹಿಡಿದು ಪರೀಕ್ಷೆ ಮಾಡಿ, ಎರಡು ಸೆಕೆಂಡಿನ ವ್ಯತ್ಯಾಸ ಕಂಡು, ಅದು ತಮ್ಮ ಗಡಿಯಾರದ್ದೇ ತಪ್ಪಿರಬೇಕು ಎಂದು ಒಪ್ಪಿಕೊಂಡಿದ್ದರು.

ಅವನ ಗಂಟೆಗೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಅಧ್ಯಕ್ಷರ ಭಾವಮೈದುನನ ಮಾತನ್ನೂ ಅರ್ಧಕ್ಕೇ ಕತ್ತರಿಸಿದ್ದ. ಅವನ ಸಿಟ್ಟೆಲ್ಲ ಪೀಠಿಕೆ ಹಾಕುವವರ ಮೇಲೆ. ನೆರೆಮನೆಯ ನಾಯಿ ಬೊಗಳುತ್ತದೆ ಎಂದು ದೂರಲು ಬಂದವರು ಆ ನಾಯಿಯ ಅಜ್ಜಿಯ ಕಾಲದಿಂದ ಶುರುಮಾಡುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ ಎನ್ನಬೇಕಾದವರು ತಾವು ಮನೆ ಕಟ್ಟಿಸಿದ ಕಥೆ ಬಿಚ್ಚುತ್ತಿದ್ದರು. ಮನೆಗೆ ಪಾಯ ಹಾಕಿ ಮುಗಿಯುವಷ್ಟರಲ್ಲಿ ಗಂಟೆ. ಹೇಳಬೇಕಾದ್ದನ್ನು ಮೊದಲು ಹೇಳಿದರೆ ಇವರ ಗಂಟೇನು ಹೋಗುತ್ತದೆ ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದ.

ಇಂಥವನೇ ಒಂದು ಸಲ ತಾನೇ ಟೋಕನ್ ತೆಗೆದುಕೊಳ್ಳಬೇಕಾಗಿ ಬಂತು. ಕಾರಣ ಅವನ ಹೆಂಡತಿ.

ಅವಳು ಊರಿನ ಲೈಬ್ರರಿಯಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುವವಳು. ಬೆನ್ನು ಬಿಟ್ಟ ಪುಸ್ತಕ, ಹಾಳೆ ಕಳಚಿದ ಪುಸ್ತಕ, ಯಾರದೋ ಮಗು ಗೀಚಿ ಕೊಟ್ಟ ಪುಸ್ತಕ, ಎಲ್ಲ ಅವಳ ಮೇಜಿಗೆ ಬರುತ್ತಿದ್ದವು. ಅಂಟು, ಸೂಜಿ, ದಾರ, ತೆಳುಬಟ್ಟೆಯ ಪಟ್ಟಿ ಮುಂದಿಟ್ಟುಕೊಂಡು ಕೂತಳೆಂದರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಕೆಲಸ. ಹೋದ ವರ್ಷ ಮೆಟ್ಟಿಲು ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ಕೋಲು ಬಂದು, ನಡಿಗೆ ನಿಧಾನವಾಯಿತು. ಅದಕ್ಕೆಲ್ಲ ಅವಳು ಜಗ್ಗಲಿಲ್ಲ. ಮೂರೇ ತಿಂಗಳಿಗೆ ಕೋಲೂರಿಕೊಂಡು ಕೆಲಸಕ್ಕೆ ಹೊರಟಳು.

ಅವಳನ್ನು ತಡೆದದ್ದು ರಸ್ತೆ. ಮನೆಯ ಓಣಿ ಮುಗಿದರೆ ದೊಡ್ಡ ರಸ್ತೆ, ಅದರ ಆಚೆ ಲೈಬ್ರರಿಗೆ ಹೋಗುವ, ಬರುವ ಬಸ್ಸುಗಳೆರಡೂ ನಿಲ್ಲುವ ಜಾಗ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಆ ರಸ್ತೆಯನ್ನು ಅಗಲ ಮಾಡಿ ಹೊಸ ಟಾರು ಹಾಕಿದರು. ಹಳೆಯ ಜೀಬ್ರಾ ಪಟ್ಟೆ ಟಾರಿನಡಿ ಹೂತುಹೋಯಿತು, ಹೊಸದನ್ನು ಯಾರೂ ಬಳಿಯಲಿಲ್ಲ. ನುಣುಪಾದ ರಸ್ತೆ ಸಿಕ್ಕಿತೆಂದು ಗಾಡಿಗಳು ಹಿಂದೆಮುಂದೆ ನೋಡದೆ ಓಡತೊಡಗಿದವು. ಬೆಳಗ್ಗೆ ಅವನು ಕೈಹಿಡಿದು ದಾಟಿಸಿ ಬರುತ್ತಿದ್ದ. ಸಂಜೆ ಅವಳು ಬರುವ ಹೊತ್ತಿಗೆ ಅವನಿಗೆ ಕಚೇರಿ ಬಿಟ್ಟಿರುತ್ತಿರಲಿಲ್ಲ. ಒಂದು ಸಂಜೆ ಅವಳು ನಡುರಸ್ತೆಯಲ್ಲಿ ಸಿಕ್ಕಿಕೊಂಡಳು. ಮುಂದೆಯೂ ಗಾಡಿ, ಹಿಂದೆಯೂ ಗಾಡಿ. ಒಂದು ಬೈಕಿನ ಹ್ಯಾಂಡಲು ಕೋಲಿಗೆ ತಾಗಿ ಕೋಲು ಅಷ್ಟು ದೂರ ಹೋಗಿ ಬಿತ್ತು. ಕೋಲಿಲ್ಲದೆ ಅವಳು ನಿಂತಲ್ಲೇ ನಡುಗುತ್ತ ನಿಂತಿದ್ದಾಗ ಯಾರೋ ಪುಣ್ಯಾತ್ಮರು ಗಾಡಿ ನಿಲ್ಲಿಸಿ ಮನೆಯ ಬದಿಗೆ ಸೇರಿಸಿದರು. ಅಂದಿನಿಂದ ಅವಳು ಹೊಸಿಲು ದಾಟಲಿಲ್ಲ.

ಎರಡು ತಿಂಗಳಾಯಿತು. ಇನ್ನೊಂದು ತಿಂಗಳಲ್ಲಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಲೈಬ್ರರಿಯವರು ಬೇಜಾರಿನಿಂದಲೇ ತಿಳಿಸಿದರು. ಅವಳು ಅಳಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಮನೆಯಲ್ಲಿದ್ದ ಗಟ್ಟಿಮುಟ್ಟಾದ ಪುಸ್ತಕಗಳ ಬೆನ್ನನ್ನೇ ಮತ್ತೆ ಮತ್ತೆ ಸವರುತ್ತ ಕೂತಿರುತ್ತಿದ್ದಳು. ಅದನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ಪಟ್ಟೆ ಬಳಿಯಿರೆಂದು ಎರಡು ಅರ್ಜಿ ಬರೆದು ಹಾಕಿದ. ಆದರೆ ಅರ್ಜಿಗಳು ಎಲ್ಲಿಗೆ ಹೋಗುತ್ತವೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನ್ನು ಕಟ್ಟು ಕಟ್ಟಿ ಬೀರುವಿನ ಮೇಲೆ ಏರಿಸುವವನೂ ಅವನೇ.

ಕೊನೆಗೆ ಹೆಡ್‌ಕ್ಲಾರ್ಕನ್ನು ಕೇಳಿದ: ಅಟೆಂಡರ್ ಆದವನು ಸಭೆಯಲ್ಲಿ ಮಾತಾಡಬಹುದೇ? ಅವರು ನಿಯಮದ ಪುಸ್ತಕ ತಿರುವಿಹಾಕಿ, ‘ಊರಿನ ಯಾವುದೇ ನಿವಾಸಿ’ ಎಂದಿದೆ, ನೀನು ಊರಲ್ಲೇ ಇದ್ದೀಯಲ್ಲ, ಮಾತಾಡು ಎಂದರು. ಸಭೆಯ ದಿನ ಹೊರಡುವಾಗ ಹೆಂಡತಿ ಅಂಗಿಯ ಕಾಲರು ಸರಿಮಾಡುತ್ತ ಹೇಳಿದಳು, “ಪೀಠಿಕೆ ಬೇಡ ಕಣ್ರೀ. ನೇರ ವಿಷಯಕ್ಕೆ ಬನ್ನಿ.”

ಅವನು ನಕ್ಕ. “ನಂಗೇ ಹೇಳಿಕೊಡ್ತೀಯಾ?”

ಅವತ್ತು ಹಾಲ್ ತುಂಬಿತ್ತು. ಬ್ರೆಡ್ ಅಂಗಡಿಯವರು ಮೋರಿಯ ವಾಸನೆಯ ಬಗ್ಗೆ ಹೇಳಿದರು, ಟ್ಯಾಕ್ಸಿ ಓಡಿಸುವವರು ಗುಂಡಿಗಳ ಬಗ್ಗೆ, ಕೀಲಿ ರಿಪೇರಿಯವರು ಮೂರು ತಿಂಗಳಿಂದ ಉರಿಯದ ಬೀದಿದೀಪದ ಬಗ್ಗೆ. ಎಲ್ಲರಿಗೂ ಗಂಟೆ ಒತ್ತುತ್ತ ಅವನು ತನ್ನ ಸರದಿ ಕಾಯುತ್ತಿದ್ದ. ಅವನ ಟೋಕನ್ ಹನ್ನೊಂದು. ಗಂಟೆಯನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಹೆಡ್‌ಕ್ಲಾರ್ಕ್ ಹೇಳಿದ್ದರು. ಇವನು ಬೇಡವೆಂದ. ಅಭ್ಯಾಸವಿಲ್ಲದವರ ಕೈಗೆ ಕೊಟ್ಟರೆ ಅರ್ಧ ನಿಮಿಷ ಆಚೀಚೆ ಆಗಿ, ತಮ್ಮವನೆಂದು ಬಿಟ್ಟರು ಎಂಬ ಮಾತು ಬರಬಾರದಲ್ಲ!

ಹನ್ನೊಂದು ಎಂದು ತಾನೇ ಕೂಗಿ ತಾನೇ ಮೈಕಿನ ಮುಂದೆ ನಿಂತ. ಇಪ್ಪತ್ತನಾಲ್ಕು ವರ್ಷ ಪಕ್ಕದಲ್ಲಿ ನಿಂತವನಿಗೆ ಎದುರಿನಿಂದ ಹಾಲ್ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಅಷ್ಟು ಮುಖಗಳು ಒಟ್ಟಿಗೆ ತನ್ನನ್ನೇ ನೋಡುತ್ತಿದ್ದವು. ‘ಪಟ್ಟೆ ಬೇಕು’ ಎಂಬ ಎರಡು ಪದ ಅಷ್ಟು ಜನರ ಮುಂದೆ ಬೆತ್ತಲೆ ನಿಂತಂತೆ ಅನಿಸಿತು. ಅದಕ್ಕೆ ಒಂದಿಷ್ಟು ಬಟ್ಟೆ ತೊಡಿಸೋಣವೆಂದು ತಾನು ಈ ಊರಿಗೆ ಬಂದ ವರ್ಷದಿಂದ ಶುರುಮಾಡಿದ. ಆಗ ಆ ರಸ್ತೆ ಮಣ್ಣಿನದ್ದು ಎಂದ. ಎಮ್ಮೆಗಳು ಮಲಗಿರುತ್ತಿದ್ದವು ಎಂದ. ಮದುವೆಯಾದದ್ದು, ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ ಸಿಕ್ಕಿದ್ದು, ಅವಳು ಸರಿಮಾಡಿದ ಪುಸ್ತಕ ನೆಲಕ್ಕೆ ಬಡಿದರೂ ಬಿಚ್ಚಿಕೊಳ್ಳುವುದಿಲ್ಲ ಎಂಬುದು, ಒಂದೊಂದಾಗಿ ಬಂದವು. ಮಾತು ಇಷ್ಟು ಸಲೀಸಾಗಿ ಬರುವುದು ಕಂಡು ಅವನಿಗೇ ಆಶ್ಚರ್ಯ. ಅವಳು ಮೆಟ್ಟಿಲು ಜಾರಿದ ದಿನದವರೆಗೆ ಬಂದು, “ಆಸ್ಪತ್ರೆಯಿಂದ ಮನೆಗೆ ಬಂದು ನೋಡಿದ್ರೆ, ಅಧ್ಯಕ್ಷರೇ” ಎಂದ.

ಟಿಣ್ ಎಂದಿತು.

ಒತ್ತಿದ್ದು ಅವನದೇ ಕೈ. ಹಾಲ್‌ನಲ್ಲಿ ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಅವನು ಅಭ್ಯಾಸದಂತೆ ಮೈಕಿನ ಸ್ವಿಚ್ಚನ್ನೂ ಆರಿಸಿ, ಪಕ್ಕಕ್ಕೆ ಸರಿದು ನಿಂತುಕೊಂಡ. ಆಗ ನಗು ಸ್ಫೋಟಿಸಿತು. ಟ್ಯಾಕ್ಸಿಯವರು ಹೊಟ್ಟೆ ಹಿಡಿದುಕೊಂಡರು. ಅಧ್ಯಕ್ಷರೂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಜನ ನಗುತ್ತಿದ್ದಾರಲ್ಲ ಎಂದು ಅವನೂ ಪೆಚ್ಚುಪೆಚ್ಚಾಗಿ ನಕ್ಕ. ನಗುತ್ತ ನಗುತ್ತಲೇ, ತಾನು ಕೇಳಲು ಬಂದದ್ದನ್ನು ಕೇಳಲೇ ಇಲ್ಲ ಎಂಬುದು ತಲೆಗೆ ಹೊಳೆಯಿತು. ಒಬ್ಬರಿಗೆ ಒಂದೇ ಟೋಕನ್. ಮುಂದಿನ ಸಭೆಗೆ ಒಂದು ತಿಂಗಳು. ಅಷ್ಟರಲ್ಲಿ ಅವಳ ಮೇಜಿಗೆ ಬೇರೆಯವರು ಬಂದು ಕೂತಿರುತ್ತಾರೆ.

ಮೈಕಿನ ಸ್ವಿಚ್ಚು ಮತ್ತೆ ಹಾಕಿ ಹನ್ನೆರಡು ಎಂದು ಕೂಗಿದ. ಎದ್ದು ಬಂದವರು ನಿವೃತ್ತ ಗಣಿತದ ಟೀಚರು, ದೊಡ್ಡ ರಸ್ತೆಯ ಆಚೆ ಬದಿಯಲ್ಲಿ ಒಬ್ಬರೇ ಇರುವವರು. ತಿಂಗಳು ತಪ್ಪದೆ ಸಭೆಗೆ ಬಂದು, ನಾಲ್ಕು ಮಡಿಕೆಯ ಕಾಗದ ಬಿಚ್ಚಿ ಓದುವವರು. ಅವರು ಕಾಗದವನ್ನು ಚೀಲದಿಂದ ತೆಗೆಯಲೇ ಇಲ್ಲ.

“ಇವರು ಹೇಳ್ಬೇಕು ಅಂತಿದ್ದದ್ದು ಇಷ್ಟೇ,” ಎಂದರು. “ರಸ್ತೆ ದಾಟೋಕೆ ಪಟ್ಟೆ ಇಲ್ಲ. ಇವರ ಮನೆಯವರು ಕೋಲು ಹಿಡಿದು ದಾಟೋದನ್ನ ನಾನು ನನ್ನ ಕಿಟಕಿಯಿಂದ ನೋಡ್ತಿದ್ದೆ. ಎರಡು ತಿಂಗಳಿಂದ ಅವರು ಕಾಣ್ತಿಲ್ಲ. ಪಟ್ಟೆ ಬಳೀರಿ, ಗಾಡಿ ನಿಧಾನ ಆಗೋಕೆ ಒಂದು ಉಬ್ಬು ಹಾಕಿ.”

ಅಧ್ಯಕ್ಷರು ಎಂಜಿನಿಯರ್ ಕಡೆ ತಿರುಗಿದರು. ಎಂಜಿನಿಯರ್ ಎದ್ದು, ಬಣ್ಣ ಇದೆ, ಆಳುಗಳೂ ಇದ್ದಾರೆ, ಒಂದು ವಾರದಲ್ಲಿ ಮಾಡಿಸಬಹುದು ಎಂದರು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಅಧ್ಯಕ್ಷರು ಕೇಳಿದ್ದಕ್ಕೆ, ಯಾರೂ ಕೇಳಿರಲಿಲ್ಲ ಸಾರ್ ಎಂದರು.

“ಕೇಳೋಕೆ ಬಂದಿದ್ದೆ,” ಎಂದರು ಟೀಚರು. ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ವರ್ಷದ ಹಿಂದೆ, ರಸ್ತೆ ನಕ್ಷೆ ಇದೇ ಗೋಡೆ ಮೇಲೆ ಅಂಟಿಸಿದ್ರಲ್ಲ, ಆಗ. ಧೂಳು, ಮೋರಿ, ಮರ ಅಂತೆಲ್ಲ ಹೇಳಿ, ಜನ ದಾಟೋಕೆ ಎಲ್ಲಿ ಜಾಗ ಬಿಟ್ಟಿದ್ದೀರಿ ಅಂತ ಕೊನೇಲಿ ಕೇಳೋದಿತ್ತು. ಅಷ್ಟರಲ್ಲಿ ಗಂಟೆ ಆಯ್ತು. ಮುಂದಿನ ತಿಂಗಳು ಬರೋ ಹೊತ್ತಿಗೆ ನಕ್ಷೆಗೆ ಸಹಿ ಬಿದ್ದಿತ್ತು.”

ಅಷ್ಟು ಹೇಳಿ ಹೋಗಿ ಕೂತರು. ಅವರ ಮೂರು ನಿಮಿಷದಲ್ಲಿ ಇನ್ನೂ ಅರ್ಧಕ್ಕರ್ಧ ಬಾಕಿಯಿತ್ತು.

ಅವನಿಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. “ಕೊನೇದಾಗಿ ಒಂದು ಮಾತು” ಎಂದಿದ್ದರು ಅವರು. ಇವನು ಗಂಟೆ ಒತ್ತಿದ್ದ. ಅವರು “ಒಂದೇ ಒಂದು” ಎಂದು ಬೆರಳೆತ್ತಿದ್ದರು. ಇವನು ಸ್ವಿಚ್ಚು ಆರಿಸಿದ್ದ. ಉಳಿದ ಸಭೆ ಅವನ ಕಿವಿಗೆ ಬೀಳಲಿಲ್ಲ. ಎಲ್ಲರೂ ಹೋದಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ಹೆಂಡತಿಯ ಕೋಲಿಗೆ ತಾಗಿದ ಆ ಬೈಕಿನವನನ್ನು ತಾನು ಎಷ್ಟು ಶಪಿಸಿದ್ದೆ ಎಂದು ನೆನೆದು ನಾಚಿಕೆಪಟ್ಟ.

ಮನೆಯಲ್ಲಿ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಒಂದು ವಾರದಲ್ಲಿ ಪಟ್ಟೆ ಬರುತ್ತದೆ ಎಂದ. ಅವಳ ಮುಖ ಅರಳಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸೂ ಬಂತು. ಆದರೆ ಆ ಅರಳಿದ ಮುಖವನ್ನು ನೋಡಿಕೊಂಡು ಸುಳ್ಳುಗಾರನಾಗಿ ಇರಲಾರೆ ಅನಿಸಿ, ತನ್ನ ಪೀಠಿಕೆ, ತನ್ನದೇ ಗಂಟೆ, ಟೀಚರ ಮಾತು, ಎರಡು ವರ್ಷದ ಹಿಂದಿನ ಸ್ವಿಚ್ಚು, ಯಾವುದನ್ನೂ ಬಿಡದೆ ಹೇಳಿದ. ಅವಳು ಬಯ್ಯುತ್ತಾಳೆಂದು ಕಾದ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೋಲೂರಿಕೊಂಡು ಒಳಗೆ ಹೋದಳು. ಮುಂದಿನ ಐದು ದಿನ ಊಟಕ್ಕೆ ಕರೆಯುವುದು, ಬಾಗಿಲು ಹಾಕಿಕೊಳ್ಳಲು ಹೇಳುವುದು, ಇಷ್ಟರಲ್ಲೇ ಅವರ ಮಾತು ಮುಗಿಯುತ್ತಿತ್ತು. ತನ್ನ ಮೇಲಿನ ಸಿಟ್ಟು ಇಳಿಯಲು ಸಮಯ ಬೇಕು ಎಂದುಕೊಂಡು ಅವನೂ ಬಾಯಿ ಮುಚ್ಚಿಕೊಂಡಿದ್ದ.

ಆರನೆಯ ದಿನ ಬೆಳಗ್ಗೆ ಪಟ್ಟೆ ಬಿತ್ತು, ಅದರ ಪಕ್ಕದಲ್ಲಿ ಉಬ್ಬೂ ಬಂತು. ಮರುದಿನ ಬಣ್ಣ ಒಣಗಿದ ಮೇಲೆ ಅವಳು ಕೋಲು ತೆಗೆದುಕೊಂಡು ಹೊರಟಳು. ಅವನು ಕೈ ಹಿಡಿಯಲು ಹೋದ. ಬೇಡವೆಂದಳು. ರಸ್ತೆಯಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಮೊದಲ ಬಿಳಿ ಪಟ್ಟೆಯ ಮೇಲೆ ಕೋಲೂರಿದಳು. ಒಂದು ಲಾರಿ ಉಬ್ಬು ಹತ್ತಿ ಇಳಿದು ನಿಂತಿತು. ಅದರ ಹಿಂದಿನ ಕಾರೂ ನಿಂತಿತು. ಅವನು ನಾಲ್ಕು ಹೆಜ್ಜೆ ಹಿಂದೆ, ಅವಳಿಗಿಂತ ಹೆಚ್ಚು ಹೆದರಿಕೊಂಡು, ಹೆಜ್ಜೆ ಹಾಕಿದ.

ಆಚೆ ಸೇರಿದವಳು ಬಸ್ ನಿಲ್ಲುವ ಕಡೆ ತಿರುಗಲಿಲ್ಲ. ಎಡಕ್ಕೆ ಹೋಗಿ ಮೂರನೆಯ ಮನೆಯ ಗೇಟು ತೆರೆದಳು. ಅದು ಟೀಚರ ಮನೆ. ಅವನ ಪರವಾಗಿ ಕ್ಷಮೆ ಕೇಳಲು ಬಂದಳೇನೋ ಎಂದು ಅವನು ತಲೆ ತಗ್ಗಿಸಿಕೊಂಡು ಹಿಂದೆ ನಿಂತ. ಟೀಚರು ಬಾಗಿಲು ತೆರೆದು, ಕೋಲನ್ನೂ ಅವಳನ್ನೂ ನೋಡಿ, “ದಾಟಿದ್ರಾ” ಎಂದು ನಕ್ಕರು.

ಅವಳು ನಗಲಿಲ್ಲ.

“ನಿಮ್ಮ ಮಾತು ಅರ್ಧಕ್ಕೆ ನಿಲ್ಲಿಸಿದ ದಿನ ಇವರು ಮನೆಗೆ ಬಂದು ನನ್ನ ಹತ್ರ ಹೇಳಿದ್ರು ಟೀಚರ್. ಇವತ್ತು ಟೀಚರಿಗೇ ಪಾಠ ಆಯ್ತು ಅಂದ್ರು. ನೀವು ಬೆರಳೆತ್ತಿದ್ದನ್ನ ಮಾಡಿ ತೋರಿಸಿದ್ರು.” ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಾನೂ ನಕ್ಕಿದ್ದೆ. ಕಣ್ಣಲ್ಲಿ ನೀರು ಬರೋಷ್ಟು ನಕ್ಕಿದ್ದೆ. ಅದನ್ನ ಹೇಳ್ಬೇಕಿತ್ತು.”

ಅವನು ಅದನ್ನು ಮರೆತೇಬಿಟ್ಟಿದ್ದ. ಐದು ದಿನದ ಆ ಮೌನ ತನ್ನ ಮೇಲಿನ ಸಿಟ್ಟಿನದ್ದಲ್ಲ ಎಂದು ಆಗ ತಿಳಿಯಿತು. ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ಟೀಚರು ಇಬ್ಬರನ್ನೂ ನೋಡಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ಅವಳ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟು, ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.