ಕೊಕ್ಕೆಯಡಿಯ ಕಪ್ಪು ಚುಕ್ಕೆ

ಒಡವೆ ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಎಲ್ಲರೂ ಅವಳನ್ನು ಸೂಜಿಗಣ್ಣಕ್ಕ ಎನ್ನುತ್ತಿದ್ದರು. ಹತ್ತೊಂಬತ್ತರ ಪ್ರಾಯದಲ್ಲಿ ನೆಲ ಗುಡಿಸಲು ಬಂದವಳು. ಕಿಟಕಿಯ ಪಕ್ಕ ಕೂತು ವಜ್ರ ಪರೀಕ್ಷಿಸುತ್ತಿದ್ದ ಮುದುಕರು ಒಂದು ದಿನ ಬೇಸರಕ್ಕೆ ತಮ್ಮ ಮಸೂರವನ್ನು ಅವಳ ಕೈಗಿತ್ತು, "ಏನು ಕಾಣಿಸ್ತದೆ ಹೇಳು ನೋಡೋಣ" ಅಂದಿದ್ದರು. ಅವಳು ಕಲ್ಲಿನೊಳಗೆ ಪುಕ್ಕದಂಥ ಒಂದು ಬಿರುಕು, ಸಾಸಿವೆಯಂಥ ಎರಡು ಚುಕ್ಕೆ, ಒಂದು ಮಂಜಿನ ಎಳೆ ಇದೆ ಅಂದಳು. ಮುದುಕರಿಗೆ ಮಂಜಿನ ಎಳೆ ಕಂಡಿರಲೇ ಇಲ್ಲ. ಅಂದಿನಿಂದ ಪೊರಕೆ ಮೂಲೆ ಸೇರಿತು.

ಇಪ್ಪತ್ತೆರಡು ವರ್ಷದ ನಂತರ ಮುದುಕರೂ ಇಲ್ಲ, ಅವರ ಮಾತಿಗಿದ್ದ ಬೆಲೆಯೂ ಇಲ್ಲ. ಹೊಸ ಮ್ಯಾನೇಜರಿಗೆ ಪ್ರಯೋಗಾಲಯದ ಪ್ರಮಾಣಪತ್ರವೇ ಸರ್ವಸ್ವ. "ಅಕ್ಕ, ನೀವು ಪೊಟ್ಟಣ ಕಟ್ಟಿದ್ರೆ ಸಾಕು, ವಜ್ರದ ದರ್ಜೆಯನ್ನ ಕಾಗದವೇ ಹೇಳತ್ತೆ" ಎಂದುಬಿಟ್ಟಿದ್ದ. ಅವಳು ಪೊಟ್ಟಣ ಕಟ್ಟುತ್ತಿದ್ದಳು. ಮಸೂರವನ್ನು ಮಾತ್ರ ಕೈಬಿಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಮುಂದಿನ ಕೋಣೆಯಿಂದ ಗಲಾಟೆ ಕೇಳಿಸಿತು. ನಿಶ್ಚಿತಾರ್ಥದ ಉಂಗುರದಲ್ಲಿ ಕಲ್ಲನ್ನು ಹಿಡಿದಿಡುವ ಕೊಕ್ಕೆಯೊಂದು ಮುರಿದಿದ್ದರಿಂದ ಪ್ರಮಾಣಪತ್ರದ ಸಮೇತ ರಿಪೇರಿಗೆ ಕೊಟ್ಟಿದ್ದ ಹುಡುಗಿ, ತನ್ನ ತಾಯಿಯೊಂದಿಗೆ ಅದನ್ನು ಒಯ್ಯಲು ಬಂದಿದ್ದಳು. ಡಬ್ಬಿ ತೆರೆದ ತಾಯಿ ಕಿಡಿಕಿಡಿಯಾಗಿದ್ದರು.

"ಇದು ನಮ್ಮ ಕಲ್ಲಲ್ಲ! ಅಂಚಲ್ಲಿ ಕಪ್ಪು ಚುಕ್ಕೆ ಇದೆ, ಬರಿಗಣ್ಣಿಗೇ ಕಾಣ್ತಿದೆ. ನಮ್ಮದು ಕನ್ನಡಿ ಥರ ಇತ್ತು. ಬದಲಾಯಿಸಿದ್ದೀರಿ!"

ಹರಳು ಕೂರಿಸುವ ಕೆಲಸಗಾರ ಪಕ್ಕದಲ್ಲೇ ನಿಂತಿದ್ದ. ಮೂವತ್ತು ವರ್ಷ ಒಂದು ಚೂರೂ ಆಚೀಚೆ ಮಾಡದ ಕೈ ಅದು. ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿ, "ಒಳಗೆ ಬಾ, ನಿನ್ನ ಪೆಟ್ಟಿಗೆ ತೆಗೆದು ತೋರಿಸು" ಅಂದ.

ಸೂಜಿಗಣ್ಣಕ್ಕ ಪೊಟ್ಟಣಗಳನ್ನು ಬದಿಗಿಟ್ಟು ಎದ್ದು ಮುಂದಿನ ಕೋಣೆಗೆ ಬಂದಳು. "ಸರ್, ಪೆಟ್ಟಿಗೆ ಆಮೇಲೆ. ಮೊದಲು ಕಲ್ಲು, ಅದರ ಕಾಗದ, ಎರಡನ್ನೂ ನನ್ನ ಕೈಗೆ ಕೊಡಿ."

"ನಿಮಗೆ ಅದೆಲ್ಲ ಓದೋಕೆ ಬರತ್ತಾ?"

"ಓದೋದು ಬೇಡ, ಅದರಲ್ಲಿ ಕಲ್ಲಿನ ಗುರುತುಗಳ ಚಿತ್ರ ಇದೆಯಲ್ಲ."

ಅಲ್ಲಿನ ಕಿಟಕಿಯ ಬಳಿ ಹೋಗಿ ಮಸೂರ ಕಣ್ಣಿಗೊತ್ತಿದಳು. ಕಲ್ಲನ್ನೂ ಚಿತ್ರವನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಬನ್ನಿ ಅಮ್ಮ, ನೀವೇ ನೋಡಿ. ಕಾಗದದ ಚಿತ್ರದಲ್ಲಿ ಅಂಚಿಗೊಂದು ಚುಕ್ಕೆ, ಅದರ ಪಕ್ಕ ಬಾಗಿದ ಪುಕ್ಕ, ಎದುರು ಬದಿಯಲ್ಲಿ ಸಣ್ಣ ಸಾಸಿವೆ. ಕಲ್ಲಲ್ಲೂ ಅದೇ ಮೂರು, ಅದೇ ಜಾಗ. ಎರಡು ಕಲ್ಲಿಗೆ ಹೀಗೆ ಒಂದೇ ಗುರುತು ಇರಲ್ಲ" ಅಂದಳು.

ತಾಯಿ ತುಸು ಹೊತ್ತು ತಡಕಾಡಿ ನೋಡಿದರು. "ಹಾಗಾದ್ರೆ ಇಷ್ಟು ದಿನ ಯಾಕೆ ಕಾಣಲಿಲ್ಲ?"

"ಹಳೇ ಕೊಕ್ಕೆ ಸರಿಯಾಗಿ ಚುಕ್ಕೆಯ ಮೇಲೇ ಕೂತಿತ್ತು. ಈ ಸಲ ಕಲ್ಲು ಚೂರು ತಿರುಗಿ ಕೂತಿದೆ, ಅಷ್ಟೆ. ಅಣ್ಣ, ಬಿಚ್ಚಿ ತಿರುಗಿಸು."

ಕೆಲಸಗಾರ ಉಂಗುರವನ್ನು ಕೈಗೆತ್ತಿಕೊಂಡ. ಕೊಕ್ಕೆಗಳನ್ನು ಎತ್ತಿ, ಕಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಒತ್ತಿದ. ಚುಕ್ಕೆ ಮಾಯ! ಉಂಗುರ ಹೊಳೆದ ರೀತಿಗೆ ಹುಡುಗಿ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

ತಾಯಿಯ ಮುಖ ಕೆಂಪಾಯಿತು. ಕೆಲಸಗಾರನ ಎದುರು ನಿಂತು, "ತಪ್ಪಾಯ್ತಪ್ಪ, ನಾಲಿಗೆ ಹರಿಬಿಟ್ಟೆ" ಅಂದರು. ಅವನು ಕಣ್ಣೊರೆಸಿಕೊಂಡು ತಲೆಯಾಡಿಸಿದ.

ಮರುದಿನ ಹೊಸ ಕಲ್ಲುಗಳು ಬಂದವು. ಮ್ಯಾನೇಜರ್ ಅವನ್ನು ಪ್ರಮಾಣಪತ್ರಗಳ ಸಮೇತ ಸೂಜಿಗಣ್ಣಕ್ಕನ ಮೇಜಿನ ಮೇಲಿಟ್ಟ, ಪೆನ್ನನ್ನೂ ಇಟ್ಟ. "ನೀವು ನೋಡಿ ಸಹಿ ಹಾಕಿದ ಮೇಲೇ ಒಳಗೆ ತಗೊಳ್ಳೋದು" ಅಂದ. ಮಾತು ಮುಗಿದರೂ ಕದಲದೆ ಅವಳ ಮಸೂರವನ್ನೇ ನೋಡುತ್ತ ನಿಂತ.

ಅವಳು ಬೀಗಲಿಲ್ಲ ಎಂದರೆ ಸುಳ್ಳಾದೀತು. ಎದೆಯುಬ್ಬಿಸಿ ಕುರ್ಚಿ ಎಳೆದು, "ಕೂತ್ಕೊಳ್ಳಿ ಸರ್" ಎಂದು ತನ್ನ ಮಸೂರವನ್ನು ಅವನ ಕೈಗಿತ್ತಳು. "ಏನು ಕಾಣ್ತದೆ, ಹೇಳಿ."

ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ಏನೂ ಕಾಣ್ತಿಲ್ಲ ಅಕ್ಕ."

"ನಾಳೆ ಕಾಣತ್ತೆ" ಎಂದು ಅವಳು ಮನಸಾರೆ ನಕ್ಕಳು.