ಕೆಳಮನೆಯ ಕರಾರು

ನೋಂದಣಿ ಕಚೇರಿಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಆಕೆ ಇಪ್ಪತ್ತೆಂಟು ವರ್ಷದಿಂದ ಬಾಡಿಗೆ ಕರಾರುಗಳನ್ನು ಟೈಪ್ ಮಾಡುತ್ತಿದ್ದಾರೆ. ಎಲ್ಲರಿಗೂ ಅವರು ಟೈಪಿಂಗ್ ಅಕ್ಕ. ಮಾಲೀಕರು ಹೇಳಿದ ಬಾಡಿಗೆಯನ್ನು ಮೊದಲ ಪ್ರತಿಯಲ್ಲಿ ಹಾಕುವುದು, ಬಾಡಿಗೆದಾರರು ಗೊಣಗುವುದು, ಇಬ್ಬರೂ ಟೀ ಅಂಗಡಿಯವರೆಗೆ ಹೋಗಿ ಬರುವುದು, ಎರಡನೇ ಪ್ರತಿಯಲ್ಲಿ ಮೊತ್ತ ಇಳಿಸುವುದು ಅಲ್ಲಿನ ರೂಢಿ. ಮೊದಲ ಪ್ರತಿಯನ್ನು ಯಾರೂ ನಂಬುವುದಿಲ್ಲ. ಅದಕ್ಕೆ ಅವರು ದುಡ್ಡೂ ತೆಗೆದುಕೊಳ್ಳುವುದಿಲ್ಲ.

ಕಳೆದ ವರ್ಷ ಅವರ ಒಡಹುಟ್ಟಿದ ಅಕ್ಕ ತೀರಿಕೊಂಡರು. ಮಕ್ಕಳಿಲ್ಲದ ಆಕೆಯ ಎರಡಂತಸ್ತಿನ ಮನೆ ತಂಗಿಗೆ ಬಂತು. ತಂಗಿ ಮೇಲಿನ ಮನೆ ಸೇರಿದರು. ಕೆಳಗಿನ ಎರಡು ಕೋಣೆಗಳಲ್ಲಿ ಹದಿನಾರು ವರ್ಷದಿಂದ ಒಬ್ಬ ನಿವೃತ್ತ ಕಾಂಪೌಂಡರ್ ಮತ್ತು ಅವರ ಹೆಂಡತಿ ಇದ್ದರು. ಚೀಟಿಯಲ್ಲಿ ಬರೆದ ಔಷಧಿಯನ್ನು ಬರೆದ ಹಾಗೆಯೇ ಕೊಡುವುದು, ಮರುಪ್ರಶ್ನೆ ಹಾಕದಿರುವುದು, ಇಷ್ಟರಲ್ಲೇ ಆಯುಷ್ಯ ಕಳೆದವರು ಅವರು. ಹೆಂಡತಿಗೆ ಎರಡೂ ಮಂಡಿ ಹೋಗಿದ್ದವು. ವಾಕರ್ ಹಿಡಿದು ಬಾಗಿಲಾಚೆಯ ಕಲ್ಲುಬೆಂಚಿನವರೆಗೆ ಬಂದು ಕೂತರೆ, ದಾರಿಹೋಕರನ್ನು ಮಾತಾಡಿಸುತ್ತ ಹೊತ್ತು ಕಳೆಯುತ್ತಿದ್ದರು. ಮೆಟ್ಟಿಲಿಲ್ಲದ ಮನೆ ಎಂದೇ ಅವರು ಅಷ್ಟು ವರ್ಷ ಅಲುಗಿರಲಿಲ್ಲ.

ಹಿಂದಿನ ಮಾಲಕಿಯ ಕಾಲದಲ್ಲಿ ಕಾಗದವೇ ಇರಲಿಲ್ಲ. ವರ್ಷ ತುಂಬಿದ ದಿನ ಕಾಂಪೌಂಡರೇ ಮೇಲೆ ಹೋಗಿ, "ಈ ಸಲ ಮುನ್ನೂರು ಸೇರಿಸ್ತೀನಿ" ಎನ್ನುತ್ತಿದ್ದರು. ಆಕೆ ತಲೆಯಾಡಿಸುತ್ತಿದ್ದರು. ಅಲ್ಲಿಗೆ ಮುಗಿಯಿತು.

ಈಗ ಚಾವಣಿ ಸೋರುತ್ತಿತ್ತು, ತೆರಿಗೆ ಏರಿತ್ತು. ಆರು ಸಾವಿರದ ಬಾಡಿಗೆ ಏಳಾದರೆ ಹೊಸ ಮಾಲಕಿಗೆ ಸಾಕಿತ್ತು. ಇಳಿಸಲು ಜಾಗ ಇರಲಿ ಎಂದು ಕರಾರಿನ ಮೊದಲ ಪ್ರತಿಯಲ್ಲಿ ಒಂಬತ್ತು ಎಂದು ಹಾಕಿದರು. ಕೊನೆಗೆ ಎಲ್ಲ ಕರಾರುಗಳಲ್ಲೂ ಇರುವ ಸಾಲು ತಾನಾಗಿ ಬಂದು ಕೂತಿತು: ಒಪ್ಪಿಗೆಯಾಗದಿದ್ದಲ್ಲಿ ಬಾಡಿಗೆದಾರರು ಮೂವತ್ತು ದಿನಗಳೊಳಗೆ ಮನೆ ತೆರವು ಮಾಡಿಕೊಡತಕ್ಕದ್ದು.

"ಏನು ತಂಗ್ಯಮ್ಮ ಇದು?" ಎಂದು ಕೇಳಿದರು ಕಾಂಪೌಂಡರ್.

"ಸುಮ್ನೆ ಒಂದು ಕಾಗದ ಅಣ್ಣ. ನೋಡಿ ಹೇಳಿ."

ಅವರು ಕನ್ನಡಕ ಹಾಕಿಕೊಂಡು ನಿಂತಲ್ಲೇ ಕೊನೆಯವರೆಗೂ ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು. "ಆಯ್ತು ಮೇಡಂ."

ಮೇಡಂ ಎಂದದ್ದನ್ನು ಟೈಪಿಂಗ್ ಅಕ್ಕ ತಮಾಷೆ ಎಂದುಕೊಂಡರು.

ಎರಡು ವಾರ ಕಳೆದರೂ ಕಾಂಪೌಂಡರ್ ಚೌಕಾಸಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ಕೊಡೆ ಹಿಡಿದು ಎಲ್ಲಿಗೋ ಹೋಗುತ್ತಿದ್ದರು.

"ಬಿಗಿ ಆಸಾಮಿ ಕಣಕ್ಕ" ಎಂದ ಪಕ್ಕದ ಮೇಜಿನ ಛಾಪಾ ಕಾಗದದವನು. "ನೀವೇ ಮೊದ್ಲು ಬಾಯಿಬಿಟ್ರೆ ಕೆಟ್ರಿ."

"ನಾನ್ಯಾಕೆ ಬಿಡ್ಲಿ? ಅವ್ರು ಆರೂವರೆ ಅಂತಾರೆ, ನಾನು ಎಂಟು ಅಂತೀನಿ, ಏಳಕ್ಕೆ ನಿಲ್ತೀವಿ."

"ಓನರ್ ಆಗಿ ಇನ್ನೂ ವರ್ಷ ಆಗಿಲ್ಲ, ಎಷ್ಟು ಬೇಗ ಪಳಗಿಬಿಟ್ರಿ."

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಕೆಳಗೆ ಗಾಡಿ ನಿಂತ ಸದ್ದಾಯಿತು. ಇಳಿದು ಬಂದರೆ ಅಂಗಳದ ತುಂಬ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು.

"ಅಣ್ಣ, ಇದೇನು?"

"ಮೂವತ್ತು ದಿನ ಅಂತ ಬರೆದಿದ್ರಲ್ಲ. ಎರಡು ದಿನ ಮುಂಚೆನೇ ಬಿಡ್ತಾ ಇದೀವಿ."

"ಅದು ಎಲ್ಲರಿಗೂ ಹಾಕೋ ಸಾಲು ಅಣ್ಣ. ನಂಗೆ ಏಳು ಕೊಟ್ಟಿದ್ರೆ ಸಾಕಿತ್ತು."

"ಏಳು ಅಂತ ಎಲ್ಲಿ ಬರೆದಿತ್ತು?"

"ಒಂದು ಮಾತು ಕೇಳಬಹುದಿತ್ತಲ್ಲ?"

"ನೀವೂ ಒಂದು ಮಾತು ಹೇಳಬಹುದಿತ್ತು" ಎಂದವರೇ ಅವರು ಗ್ಯಾಸ್ ಸಿಲಿಂಡರಿನ ಕಡೆ ಹೊರಟರು. ಹೊಸ ಮನೆಗೆ ಮುಂಗಡ ಕೊಟ್ಟು ಆಗಿತ್ತು. ಬೆಂಚಿನ ಮೇಲಿದ್ದ ಹೆಂಡತಿ, "ಬಿಡಿ, ಅವರ ಮನೆ, ಅವರಿಷ್ಟ" ಎಂದರು, ಯಾರ ಮುಖವನ್ನೂ ನೋಡದೆ.

ಕೆಳಮನೆ ಖಾಲಿ ಬಿತ್ತು. ನೋಡಲು ಬಂದವರಿಗೆ ಟೈಪಿಂಗ್ ಅಕ್ಕ ಏನೋ ಒಂದು ನೆಪ ಹೇಳಿ ಕಳಿಸಿದರು. ಒಂದೂವರೆ ತಿಂಗಳ ಮೇಲೆ ಕಾಂಪೌಂಡರ ಪಿಂಚಣಿ ಕಾಗದ ಹಳೇ ವಿಳಾಸಕ್ಕೆ ಬಂದಾಗ, ಅದನ್ನು ಹಿಡಿದು ಅವರ ಹೊಸ ಮನೆ ಹುಡುಕಿಕೊಂಡು ಹೋದರು. ಆರು ಸಾವಿರಕ್ಕೆ ಸಿಕ್ಕಿದ್ದು ಮೂರನೇ ಮಹಡಿ. ನಲವತ್ತೊಂದು ಮೆಟ್ಟಿಲು. ಹತ್ತಿದಾಗ ಟೈಪಿಂಗ್ ಅಕ್ಕನಿಗೇ ಏದುಸಿರು.

ಹೆಂಡತಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಕಿಟಕಿಯಾಚೆ ಎದುರು ಕಟ್ಟಡದ ಗೋಡೆ.

"ಕೆಳಗಿಳಿದು ಎಷ್ಟು ದಿನ ಆಯ್ತು ಅತ್ತಿಗೆ?"

"ಬಂದ ದಿನ ಇಬ್ಬರು ಹಮಾಲಿಗಳು ಕುರ್ಚಿ ಸಮೇತ ಎತ್ಕೊಂಡು ಬಂದ್ರು, ಮದುಮಗಳ ಹಾಗೆ. ಇನ್ನು ಇಳಿಸೋಕೆ ನಾಲ್ಕು ಜನ ಬರ್ತಾರಲ್ಲ, ಅವತ್ತೇ."

"ವಾಪಸ್ ಬನ್ನಿ ಅಣ್ಣ" ಎಂದರು ಟೈಪಿಂಗ್ ಅಕ್ಕ. "ಹಳೇ ಬಾಡಿಗೆನೇ ಕೊಡಿ. ಮನೆ ಹಾಗೇ ಇದೆ."

ಹೆಂಡತಿ ಗಂಡನ ಕಡೆ ತಿರುಗಿದರು. ಕಾಂಪೌಂಡರ್ ಒಳಗೆ ಹೋಗಿ ಹೊಸ ಕರಾರನ್ನು ತಂದು ಕೊಟ್ಟರು. ಮೂರು ವರ್ಷ ಮುಗಿಯುವ ಮುನ್ನ ಬಿಡುವಂತಿಲ್ಲ ಎಂಬ ಸಾಲು ಅದರಲ್ಲಿತ್ತು. ಅಂಥ ಸಾಲನ್ನು ಯಾರೂ ಪಾಲಿಸುವುದಿಲ್ಲ, ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟರೆ ಮುಗಿಯಿತು, ಅದನ್ನು ತಾನೇ ಕೊಡುತ್ತೇನೆ ಎಂದು ಟೈಪಿಂಗ್ ಅಕ್ಕ ಬಿಡಿಸಿ ಹೇಳಿದರು.

ಕಾಂಪೌಂಡರ್ ಕಾಗದಕ್ಕೆ ಕೈ ಚಾಚಿದರು. "ಸಹಿ ಹಾಕಿದ್ದೀನಿ ಮೇಡಂ."

ಹೆಂಡತಿ ಮತ್ತೆ ಗೋಡೆಯ ಕಡೆಗೆ ತಿರುಗಿ ಕೂತರು.