ಓಟ್ಸ್ ಡಬ್ಬಿಯ ಸದ್ದು

ಎಲ್ವೀರಾಗೆ ಒಬ್ಬಳು ಸವತಿ ಇದ್ದಾಳೆಂಬುದು ನಮ್ಮ ಕಣಿವೆಗೆಲ್ಲ ಗೊತ್ತಿತ್ತು. ಅವಳ ಹೆಸರು ಲೂಲಾ. ಬೂದು ಮೈ, ನೀಳ ಕತ್ತು, ಹಣೆಯ ಮೇಲೆ ಬಿಳಿ ಚುಕ್ಕೆ. ಗಂಡ ಓರ್ವಿಲ್‌ನ ಹೆಣ್ಣುಕುದುರೆ. ಅದು ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಪ್ರತಿ ಚಳಿಗಾಲ, ಹಸುಗಳು ಈಯುವ ಕಾಲಕ್ಕೆ ಸ್ವಲ್ಪ ಮೊದಲು, ಪಟ್ಟಣದಲ್ಲಿ ದನ ಕಾಯುವವರ ಕವಿಮೇಳ ಸೇರಿದಾಗ ಓರ್ವಿಲ್ ತನ್ನ ಪದ್ಯದಲ್ಲಿ ಅದನ್ನು ವೇದಿಕೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದ. ಎಲ್ವೀರಾ ಕೆಳಗೆ ಕೂತು ಕೇಳುತ್ತಿದ್ದಳು. ಅವಳ ಪಕ್ಕದ ಕುರ್ಚಿ ನನ್ನದು. ನಾನು ಅವರ ಬೇಲಿಯಾಚೆಯವಳು.

ಪದ್ಯ ಇಷ್ಟೇ. ಹಿಮಗಾಳಿಯ ಒಂದು ಸಂಜೆ, ತಪ್ಪಿಸಿಕೊಂಡ ದನ ಹುಡುಕಲು ಹೋದ ಓರ್ವಿಲ್ ಬಿದ್ದು ಪಕ್ಕೆಲುಬು ಮುರಿದುಕೊಂಡ. ಹೇಗೋ ಹತ್ತಿ ಕುದುರೆಯ ಕತ್ತನ್ನು ತಬ್ಬಿದವನಿಗೆ ಎಚ್ಚರ ತಪ್ಪಿತು. ತನ್ನ ಮೂತಿಯೇ ತನಗೆ ಕಾಣದ ಬಿಳಿಯಲ್ಲಿ ಲೂಲಾ ಅವನನ್ನು ಮನೆಗೆ ಹೊತ್ತು ತಂದಿತು. ಕೊನೆಯಲ್ಲಿ ಅವನು ಕೇಳುತ್ತಾನೆ: 'ದಾರಿಯಿಲ್ಲದಲ್ಲಿ ದಾರಿ ತೋರಿದವರಾರೇ, ಲೂಲಾ?' ಕೇಳಿ ಸುಮ್ಮನಾಗುತ್ತಾನೆ. ಸಭೆಯಲ್ಲಿ ಹ್ಯಾಟು ತೆಗೆಯದ ಗಂಡಸರೂ ಅಲ್ಲಿ ಮೂಗೊರೆಸಿಕೊಳ್ಳುತ್ತಾರೆ. ಆಮೇಲೆ 'ನಿನ್ನ ಎದೆಯಲ್ಲವೇ' ಎಂದು ಮುಗಿಸುತ್ತಾನೆ.

ಎಲ್ವೀರಾ ಕುರಿ ಕಾಯಲು ಕಡಲು ದಾಟಿ ಬಂದ ಬಾಸ್ಕ್ ಜನಾಂಗದ ಮನುಷ್ಯನ ಮಗಳು. ಕುರಿಯವರಿಗೆ ಆಗದ ದನದವನನ್ನು ಮದುವೆಯಾದದ್ದಕ್ಕೆ ಅಪ್ಪ ಸಾಯುವವರೆಗೂ ಗೊಣಗಿದ. ಅವಳು ಹಿಮದಲ್ಲಿ ಗಾಡಿಯ ಮೇಲೆ ನಿಂತು ದನಗಳಿಗೆ ಹುಲ್ಲು ಎಸೆದಳು. ತೋಳುದ್ದ ಕೈಹಾಕಿ ಅಡ್ಡಸಿಕ್ಕ ಕರುಗಳನ್ನು ಎಳೆದಳು. ಕರುಗಳಿಗೆ ಮುದ್ರೆ ಹಾಕುವ ದಿನ ಕಣಿವೆಗೆಲ್ಲ ಹುರುಳಿಕಾಯಿ, ಮಾಂಸ ಬೇಯಿಸಿ ಬಡಿಸಿದಳು. ಓರ್ವಿಲ್ ತನ್ನ ಹಗ್ಗದ ಮೇಲೆ ಪದ್ಯ ಬರೆದ, ಜೀನಿನ ಮೇಲೆ ಬರೆದ, ಕುಂಟ ನಾಯಿಯ ಮೇಲೆ ಬರೆದ.

"ಬೇಲಿ ಗೂಟದ ಮೇಲೂ ಬರ್ದಿದಾನೆ ಕಣೇ," ಎಂದಿದ್ದಳು ಒಮ್ಮೆ. "ಗೂಟಕ್ಕಿಂತ ನೆಟ್ಟಗೆ ನಿಂತಿಲ್ವಾ ನಾನು?"

ಹೋದ ವರ್ಷ ಮೇಳದ ಮಧ್ಯಾಹ್ನ ನಾವಿಬ್ಬರೂ ಬಾಸ್ಕರ ಊಟದ ಮನೆಯ ಉದ್ದ ಮೇಜಿನಲ್ಲಿ ಕೂತಿದ್ದೆವು. ಎದುರಿಗೆ ಹೊರಗಿನಿಂದ ಬಂದ ಒಬ್ಬ ಹೆಂಗಸು. ಎಲ್ವೀರಾ ಓರ್ವಿಲ್ಲನ ಹೆಂಡತಿಯೆಂದು ತಿಳಿದದ್ದೇ ಆ ಹೆಂಗಸಿನ ಕಣ್ಣು ಒದ್ದೆಯಾಯಿತು.

"ಕುದುರೇನೇ ಅಷ್ಟು ಪ್ರೀತಿಸೋರು ನಿಮ್ಮನ್ನ ಎಷ್ಟು ಪ್ರೀತಿಸ್ಬೇಡ."

"ಅದಕ್ಕೆ ಹಾಕಿ ಮಿಕ್ಕಿದ್ದು ನಂಗೆ ಸಿಗುತ್ತಮ್ಮಾ," ಎಂದು ಎಲ್ವೀರಾ ಬ್ರೆಡ್ಡು ಮುರಿದಳು.

ಆ ಹೆಂಗಸು ಎದ್ದುಹೋದ ಮೇಲೆ ಎಲ್ವೀರಾ ತನ್ನ ಚೀಲದ ಬಾಯಿ ತೆರೆದು ನನಗೆ ತೋರಿಸಿದಳು. ಒಳಗೆ ತುಕ್ಕು ಹಿಡಿದ ಹಳೇ ಕಾಫಿ ಡಬ್ಬಿ, ಅರ್ಧದಷ್ಟು ಕುದುರೆ ತಿನ್ನುವ ಓಟ್ಸ್ ಕಾಳು.

"ಇದ್ಯಾಕೇ ಹೊತ್ಕೊಂಡು ಬಂದೆ?"

"ದಿನಾ ಸಂಜೆ ಇದನ್ನ ಅಲ್ಲಾಡಿಸಿ ಲೂಲಾನ ಕರೀತಿದ್ದೋಳು ನಾನು. ಎಲ್ಲಿದ್ರೂ ಓಡಿ ಬರೋದು. ಆ ಹಿಮಗಾಳಿ ಸಂಜೆ ಇವ್ನು ಬರ್ಲಿಲ್ಲ. ಗೇಟಿನ ಹತ್ರ ನಿಂತು ಅಲ್ಲಾಡಿಸ್ದೆ. ಬೆರಳು ಮರಗಟ್ಟಿ ಡಬ್ಬಿಗೇ ಅಂಟ್ಕೊಳ್ತು. ಬಿಡ್ಲಿಲ್ಲ. ಅದು ಬಂದಿದ್ದು ಓಟ್ಸಿಗೆ ಮಾರಾಯ್ತಿ, ಎದೆಗಲ್ಲ."

"ಅವನಿಗೆ ಹೇಳ್ಲಿಲ್ವಾ?"

"ಜ್ವರ ಬಿಟ್ಟು ಎದ್ದು ಕೂತಾಗ್ಲೇ ಪದ್ಯ ಶುರುವಾಗಿತ್ತು. ಕುದುರೆ ಬಲ್ಲೋನು, ಅದಕ್ಕೆ ದಾರಿ ಹೇಗೆ ಸಿಕ್ತು ಅಂತ ಇವತ್ತಲ್ಲ ನಾಳೆ ಕೇಳ್ತಾನೆ, ಕಾಯೋಣ ಅಂದ್ಕೊಂಡೆ. ಕೇಳ್ಲೇ ಇಲ್ಲ."

ಆ ಮಧ್ಯಾಹ್ನ ಸಭೆ ಕಿಕ್ಕಿರಿದಿತ್ತು. ಯಾರೋ ಹಿಂದಿನಿಂದ "ಲೂಲಾ ಹೇಳಪ್ಪಾ" ಎಂದರು. ಎಲ್ವೀರಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಓರ್ವಿಲ್ ಕಣ್ಣು ಮುಚ್ಚಿ ಹೇಳತೊಡಗಿದ. ಹಿಮ ಬಿತ್ತು, ಪಕ್ಕೆ ಮುರಿಯಿತು, ಲೂಲಾ ನಡೆಯಿತು.

"ದಾರಿಯಿಲ್ಲದಲ್ಲಿ ದಾರಿ ತೋರಿದವರಾರೇ, ಲೂಲಾ?"

ಎಲ್ವೀರಾ ಡಬ್ಬಿ ತೆಗೆದು ಅಲ್ಲಾಡಿಸಿದಳು.

ಝಲ್, ಝಲ್, ಝಲ್. ಅಲ್ಲಿದ್ದವರಲ್ಲಿ ಕುದುರೆ ಸಾಕದವರು ಕಡಿಮೆ. ಆ ಸದ್ದು ಏನೆಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮೊದಲು ಒಂದೆರಡು ನಗು ಕೇಳಿತು. ಆಮೇಲೆ ಅದೂ ನಿಂತಿತು. ಓರ್ವಿಲ್ ಸದ್ದು ಬಂದ ಕಡೆಗೆ ತಿರುಗಿದ, ಥೇಟು ಕುದುರೆಯ ಹಾಗೆ.

"ನೀನಾ?" ಎಂದ.

ಎಲ್ವೀರಾ ಇನ್ನೊಂದು ಸಲ ಅಲ್ಲಾಡಿಸಿದಳು. ಅವನು ಹ್ಯಾಟು ತೆಗೆದು ಎದೆಗೊತ್ತಿಕೊಂಡು ನಿಂತುಬಿಟ್ಟ. ಕೊನೆಯ ಸಾಲು ಬಾಯಿಗೆ ಬರಲಿಲ್ಲ. ಮನೆಗೆ ಹಿಂತಿರುಗುವಾಗ ನಾನು ಅವರ ಟ್ರಕ್ಕಿನಲ್ಲೇ ಇದ್ದೆ. ಬಹಳ ದೂರ ಬಂದ ಮೇಲೆ ಅವನು ಕೇಳಿದ.

"ಯಾಕೆ ಹೇಳ್ಲಿಲ್ಲ?"

"ಕೇಳಿದ್ಯಾ?"

ಅವನು ಅವಳ ಕೈ ಹಿಡಿದುಕೊಂಡ. ಎಲ್ವೀರಾ ಕಿಟಕಿಯಾಚೆ ನೋಡುತ್ತಿದ್ದಳು. ಆದರೂ ಮುಖ ಸಡಿಲಾದದ್ದು ಗಾಜಿನಲ್ಲಿ ನನಗೆ ಕಾಣಿಸಿತು.

ವರ್ಷವಿಡೀ ಓರ್ವಿಲ್ ಪದ್ಯ ತಿದ್ದಿದ. ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದನಂತೆ. ಎಲ್ವೀರಾ ಕಾದಳು. ಈ ಚಳಿಗಾಲದ ಮೇಳಕ್ಕೆ ತನ್ನ ಮದುವೆಯ ಬೆಳ್ಳಿ ಓಲೆ ಹಾಕಿಕೊಂಡು ಬಂದಳು.

ಹೊಸ ಕೊನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಕಣ್ಣು ಕಟ್ಟುವ ಬಿಳಿ ಹಿಮದ ನಡುವೆ ತುಕ್ಕು ಹಿಡಿದ ಡಬ್ಬಿಯೊಂದು ಹಾಡುತ್ತದೆ. ಬಡ ಡಬ್ಬಿ, ನಿಷ್ಠೆಯ ಡಬ್ಬಿ, ಹಿಮಕ್ಕೆ ಸೋಲದ ಡಬ್ಬಿ. ಕೊನೆಗೆ ಓರ್ವಿಲ್ ಅದನ್ನೇ ಎತ್ತಿ ಅಲ್ಲಾಡಿಸಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಡೀ ಪದ್ಯದಲ್ಲಿ ಡಬ್ಬಿ ಹಿಡಿದ ಕೈ ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಡಬ್ಬಿಯನ್ನು ಮುಟ್ಟಿನೋಡಲು ಜನ ಸಾಲು ನಿಂತರು. ಒಬ್ಬ ಮುದುಕ ಅದಕ್ಕೆ ಹ್ಯಾಟು ತೆಗೆದ. ಎಲ್ಲ ಮುಗಿದ ಮೇಲೆ ಓರ್ವಿಲ್ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಹತ್ತಿರ ಬಂದ. ಮುಖವೆಲ್ಲ ಬೆಳಗುತ್ತಿತ್ತು.

"ಹೇಗಿತ್ತು?"

ಎಲ್ವೀರಾ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಕತ್ತಿನವರೆಗೂ ಹಾಕಿಕೊಂಡಳು.

"ಡಬ್ಬೀನೇ ಕೇಳು," ಎಂದಳು.

ಓರ್ವಿಲ್ ಡಬ್ಬಿಯ ಕಡೆ ನೋಡಿದ.